ವೃದ್ಧರ ಚಿಕಿತ್ಸೆಯಲ್ಲಿ ಪಾರಿಷದ್ಯರು

೧. ವಿಷಯನಿರ್ದೇಶ

ವೈದ್ಯನು ನಿಶ್ಚಯಿಸಿದ ಔಷಧವು ಫಲಕಾರಿಯಾಗಬೇಕಾದರೆ ರೋಗಿಯು ಅದನ್ನು ಹೊತ್ತರಿತು ಸೇವಿಸಬೇಕು; ಅದಕ್ಕೆ ತಕ್ಕ ಪಥ್ಯವನ್ನು ಉಣ್ಣಬೇಕು; ಅವಧಿ ತೀರಿದ ಬಳಿಕ ಮತ್ತೆ ವೈದ್ಯನಲ್ಲಿಗೆ ಬರಬೇಕು. ಯೌವನದಲ್ಲಿ ಈ ಮೂರೂ ಸಾಮಾನ್ಯವಾಗಿ ರೋಗಿಗೆ ಸ್ವಾಧೀನವಾಗಿರುತ್ತವೆ. ವಾರ್ಧಕದಲ್ಲಿಯಾದರೋ ಒಂದೊಂದಕ್ಕೂ ಇನ್ನೊಬ್ಬರ ಕೈ ಬೇಕಾಗುವುದು. ಚೀಟಿಯನ್ನು ಓದಿ ಹೇಳುವವರಿಲ್ಲದ, ಗಂಜಿಯನ್ನು ಕಾಯಿಸಿ ಕೊಡುವವರಿಲ್ಲದ, ಬಸ್ಸಿಗೆ ಹತ್ತಿಸಿ ಇಳಿಸುವವರಿಲ್ಲದ ಮುದುಕನಿಗೆ ಕೊಟ್ಟ ಔಷಧವು ಕೊಡದಿದ್ದ ಔಷಧಕ್ಕೆ ಸಮಾನವೆಂದರೆ ಅತಿಶಯೋಕ್ತಿಯಾಗಲಾರದು.

ಅನ್ನ, ವಸತಿ, ಸಂಚಾರ, ಜೀವನೋಪಾಯ, ಭಯವಿಲ್ಲದ ಬಾಳು, ಮಾತಿಗೆ ಒದಗುವ ಸಂಗ—ಇವುಗಳನ್ನು ಈಗಿನ ವೈದ್ಯಶಾಸ್ತ್ರಜ್ಞರು ರೋಗಿಯ ‘ಸಾಮಾಜಿಕ ಅಗತ್ಯ’ಗಳೆಂದು ಕರೆಯುತ್ತಾರೆ. ಇವುಗಳ ವಿಚಾರವು ವೈದ್ಯನ ಅಧಿಕಾರಕ್ಕೆ ಒಳಪಟ್ಟುದೋ ಹೊರಗಿನದೋ ಎಂಬುದು ಮೊದಲನೆಯ ಪ್ರಶ್ನೆ. ಒಳಪಟ್ಟುದಾದರೆ ಅವನು ಎಷ್ಟನ್ನು ಮಾಡಬಲ್ಲನು, ಯಾರ ಮೂಲಕ ಮಾಡಬಲ್ಲನು ಎಂಬುದು ಎರಡನೆಯ ಪ್ರಶ್ನೆ.

ಪ್ರಶ್ನೆಯು ಅಲ್ಪವಾದುದಲ್ಲ. ೨೦೧೧ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ ಅರುವತ್ತು ವರ್ಷ ತುಂಬಿದವರು ಸುಮಾರು ೧೦.೪ ಕೋಟಿ ಮಂದಿ ಇದ್ದರು. ಎಂದರೆ ನೂರಕ್ಕೆ ೮.೬. ಕರ್ಣಾಟಕದಲ್ಲಿ ಈ ಪ್ರಮಾಣವು ನೂರಕ್ಕೆ ೯.೫ರಷ್ಟಿತ್ತು. ೨೦೫೦ನೆಯ ವರ್ಷದ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಈ ವಯಸ್ಸಿನವರಾಗುವರೆಂದು ವಿಶ್ವಸಂಸ್ಥೆಯ ಜನಸಂಖ್ಯಾನಿಧಿಯು ೨೦೨೩ರ ವರದಿಯಲ್ಲಿ ಅಂದಾಜು ಮಾಡಿದೆ. ವಿಶ್ವ ಆರೋಗ್ಯಸಂಸ್ಥೆಯು ನೇಮಿಸಿದ ಮಂಡಲಿಯೊಂದು ೨೦೨೫ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯಂತೆ ಲೋಕದ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ವರ್ಷಕ್ಕೆ ಸುಮಾರು ೮,೭೧,೦೦೦ ಮರಣಗಳು ಇದರೊಡನೆ ಸಂಬಂಧ ಹೊಂದಿವೆ. ಈ ಬಾಧೆ ಮುದುಕರಿಗೆ ಮಾತ್ರ ಮೀಸಲಾದುದಲ್ಲ. ಆದರೆ ಸಂಗಾತಿಯ ಮರಣ, ಕಿವಿಯ ಮಾಂದ್ಯ, ಕಾಲಿನ ನೋವು, ಉದ್ಯೋಗದ ನಿವೃತ್ತಿ—ಇವು ಒಟ್ಟಿಗೆ ಬಂದೊದಗುವುದು ವಾರ್ಧಕದಲ್ಲಿಯೇ.

೨. ಶಬ್ದವಿಚಾರ

ವಿಷಯಪ್ರವೇಶಕ್ಕೆ ಮುನ್ನ ಕೆಲವು ಶಬ್ದಗಳ ಅರ್ಥವನ್ನು ನಿಷ್ಕರ್ಷಿಸುವುದು ಯುಕ್ತ. ಸಂಸ್ಕೃತದಲ್ಲಿ ಮುದುಕನನ್ನು ಹೇಳುವ ಶಬ್ದಗಳು ಒಂದೇ ದೃಷ್ಟಿಯಿಂದ ಹುಟ್ಟಿದವುಗಳಲ್ಲ. ‘ಜೀರ್ಣ’ ಎಂಬುದು ಸವೆತವನ್ನು ಹೇಳುವ ಧಾತುವಿನಿಂದ ಬಂದಿತು. ‘ವೃದ್ಧ’ ಎಂಬುದು ಬೆಳವಣಿಗೆಯನ್ನು ಹೇಳುವ ಧಾತುವಿನಿಂದ ಬಂದಿತು. ‘ಸ್ಥವಿರ’ ಎಂಬುದರಲ್ಲಿ ಸ್ಥಿರವಾಗಿ ನಿಲ್ಲುವ ಅರ್ಥವಿದೆ. ಕನ್ನಡದಲ್ಲಿ ‘ಮುದು’ ಎಂಬ ಮೂಲದಿಂದ ಮುಪ್ಪು, ಮುದುಕ ಮೊದಲಾದ ರೂಪಗಳಾದವು. ‘ಹಿರಿಯ’ ಎಂಬುದು ವಯಸ್ಸನ್ನೂ ಗೌರವವನ್ನೂ ಒಂದೇ ಮಾತಿನಲ್ಲಿ ಹೇಳುತ್ತದೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮನುಷ್ಯನ ಆಯುಸ್ಸನ್ನು ಮೂರಾಗಿ ವಿಭಾಗಿಸಿ, ಮೂವತ್ತರವರೆಗೆ ಬಾಲ್ಯ, ಅರುವತ್ತರವರೆಗೆ ಮಧ್ಯ, ಅಲ್ಲಿಂದ ನೂರರವರೆಗೆ ಜೀರ್ಣವೆಂದು ಹೇಳಿದೆ. ಸುಶ್ರುತನು ಎಪ್ಪತ್ತರ ಮೇಲೆ ವಾರ್ಧಕವನ್ನು ಗಣಿಸುತ್ತಾನೆ. ವೈದ್ಯನು ಶರೀರವನ್ನು ನೋಡುವವನಾದುದರಿಂದ ‘ಜೀರ್ಣ’ ಶಬ್ದವು ಅವನಿಗೆ ಸಹಜ. ಧಾತುಗಳ ಕ್ಷಯವನ್ನೂ ವಾತದ ಆಧಿಕ್ಯವನ್ನೂ ಅವನು ಅಳೆಯಬೇಕಷ್ಟೆ. ಆದರೆ ಎದುರಿಗೆ ಕುಳಿತವನು ಜೀರ್ಣನು ಮಾತ್ರವೇ ಅಲ್ಲ, ವೃದ್ಧನೂ ಹೌದು. ಒಂದು ಮನೆಯಲ್ಲಿ, ಒಂದು ಬೀದಿಯಲ್ಲಿ, ಒಂದು ಕಸುಬಿನಲ್ಲಿ ಬೆಳೆದು ನಿಂತವನು. ಅವನ ರೋಗವು ಜೀರ್ಣನಿಗೆ ಸಂಬಂಧಪಟ್ಟುದಾದರೆ, ಅವನ ಸಾಮಾಜಿಕ ಅಗತ್ಯವು ವೃದ್ಧನಿಗೆ ಸಂಬಂಧಪಟ್ಟುದು.

ಇನ್ನೊಂದು ಭೇದವನ್ನೂ ಇಲ್ಲಿಯೇ ಗಮನಿಸಬೇಕು. ‘ಏಕಾಂತ’ವೆಂಬುದನ್ನು ನಮ್ಮ ಪರಂಪರೆಯಲ್ಲಿ ಸಾಧಕರು ಬಯಸಿ ಪಡೆಯುತ್ತಿದ್ದರು, ವಾನಪ್ರಸ್ಥನಿಗೆ ಅದು ದುಃಖವಲ್ಲ. ‘ಒಂಟಿವಾಸ’ವೆಂಬುದು ಹೊರಗಿನಿಂದ ಎಣಿಸಿ ಹೇಳಬಹುದಾದ ಸ್ಥಿತಿ: ಮನೆಯಲ್ಲಿ ಎಷ್ಟು ಮಂದಿ, ಯಾರು ಬಂದು ಹೋಗುತ್ತಾರೆ ಎಂಬುದು. ‘ಒಂಟಿತನ’ವೆಂಬುದು ಒಳಗಿನ ಅನುಭವ. ಒಂಟಿಯಾಗಿ ವಾಸಿಸುವ ಎಲ್ಲರಿಗೂ ಒಂಟಿತನವಿರುವುದಿಲ್ಲ. ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆಯ ನಡುಮನೆಯಲ್ಲಿ ಕುಳಿತವರಿಗೂ ಅದು ಇರಬಹುದು. ಈ ಮೂರನ್ನೂ ಒಂದೆಂದು ತಿಳಿದ ವೈದ್ಯನು ಏಕಾಂತಪ್ರಿಯನನ್ನು ಗುಂಪಿಗೆ ತಳ್ಳುವನು; ತುಂಬಿದ ಮನೆಯ ಮುದುಕಿಯನ್ನು ಕೇಳದೆಯೇ ಬಿಡುವನು.

೩. ಚರಕಸಂಹಿತೆಯ ಪ್ರಮಾಣ

ಚಿಕಿತ್ಸೆಗೆ ನಾಲ್ಕು ಪಾದಗಳೆಂಬುದು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಸಿದ್ಧವಾಗಿದೆ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ಉಪಚರಿಸುವವನು. ಅವನಿಗೆ ಹೇಳಿದ ನಾಲ್ಕು ಗುಣಗಳಲ್ಲಿ ಉಪಚಾರದ ತಿಳಿವು, ದಕ್ಷತೆ, ಶುಚಿತ್ವ ಎಂಬ ಮೂರರೊಡನೆ ರೋಗಿಯಲ್ಲಿ ಅನುರಾಗವೆಂಬುದೂ ಸೇರಿದೆ. ಪ್ರೀತಿಯನ್ನು ಇಲ್ಲಿ ಅಲಂಕಾರವಾಗಿ ಹೇಳಿಲ್ಲ. ಶುಚಿತ್ವದಂತೆಯೇ ಇದು ಇಲ್ಲದಿದ್ದರೆ ಪಾದವು ಕುಂಟುವುದೆಂಬ ಅಭಿಪ್ರಾಯದಿಂದ ಲಕ್ಷಣದೊಳಗೆ ಸೇರಿಸಿದೆ.

ಇದಕ್ಕಿಂತಲೂ ಪ್ರಕೃತಕ್ಕೆ ಉಪಯುಕ್ತವಾದುದು ಅದೇ ಸ್ಥಾನದ ಹದಿನೈದನೆಯದಾದ ಉಪಕಲ್ಪನೀಯಾಧ್ಯಾಯ. ಶೋಧನಚಿಕಿತ್ಸೆಗೆ ಮೊದಲು ವೈದ್ಯನು ಏನೇನನ್ನು ಸಿದ್ಧಗೊಳಿಸಿಕೊಳ್ಳಬೇಕೆಂಬುದನ್ನು ಅಲ್ಲಿ ಕ್ರಮವಾಗಿ ಹೇಳಿದೆ. ಮೊದಲನೆಯದು ಮನೆ: ದೃಢವಾದುದು, ಬಿರುಗಾಳಿ ಹೊಗೆ ಬಿಸಿಲು ಧೂಳುಗಳು ನುಗ್ಗದುದು, ನೀರು ಅಡುಗೆಮನೆ ಸ್ನಾನಸ್ಥಾನ ಶೌಚಸ್ಥಾನಗಳುಳ್ಳುದು. ಎರಡನೆಯದು ಪರಿಚಾರಕರು: ಅಡುಗೆ ಮಾಡುವವರು, ಮೀಯಿಸುವವರು, ಮೈಯೊತ್ತುವವರು, ಎಬ್ಬಿಸಿ ಕೂರಿಸುವವರು, ಮಲಗಿಸುವವರು, ಔಷಧವನ್ನು ಅರೆಯುವವರು. ಮೂರನೆಯದು ಪಾರಿಷದ್ಯರು, ಎಂದರೆ ರೋಗಿಯ ಬಳಿ ಕುಳಿತು ಸಂಗ ಕೊಡುವವರು. ಇವರು ಹಾಡು, ವಾದ್ಯ, ಶ್ಲೋಕ, ಗಾಥೆ, ಆಖ್ಯಾಯಿಕೆ, ಇತಿಹಾಸ, ಪುರಾಣಗಳಲ್ಲಿ ಕುಶಲರಾಗಿರಬೇಕು. ರೋಗಿಯ ಅಭಿಪ್ರಾಯವನ್ನು ಅರಿತವರೂ ಅವನಿಗೆ ಒಪ್ಪಿಗೆಯಾದವರೂ ದೇಶಕಾಲಗಳನ್ನು ತಿಳಿದವರೂ ಆಗಿರಬೇಕು. ಹಾಲು ಕರೆಯುವ ಹಸು ಮೊದಲಾದುವೂ ಪಾತ್ರೆ, ಹಾಸಿಗೆ, ಉಪಕರಣ, ಔಷಧದ್ರವ್ಯಗಳೂ ಬರುವುದು ಇದಾದ ಬಳಿಕ.

ಈ ಕ್ರಮವು ಗಮನಾರ್ಹ. ವಸತಿ, ಅನ್ನ ಮತ್ತು ಅಂಗಸೇವೆ, ಸಂಗ—ಇವು ಮೂರೂ ಔಷಧಕ್ಕಿಂತ ಮೊದಲು ನಿರ್ದಿಷ್ಟವಾಗಿವೆ. ಇವುಗಳನ್ನು ಒದಗಿಸಿಕೊಳ್ಳತಕ್ಕ ಹೊಣೆಯನ್ನು ವೈದ್ಯನ ಮೇಲೆಯೇ ಇಟ್ಟಿದೆ. ಆದುದರಿಂದ ಮೊದಲನೆಯ ಪ್ರಶ್ನೆಗೆ ಶಾಸ್ತ್ರದ ಉತ್ತರವು ಸ್ಪಷ್ಟ: ರೋಗಿಯ ಸುತ್ತಣ ಸಂಗತಿಯು ಚಿಕಿತ್ಸೆಯ ಅಂಗವೇ.

ಆದರೆ ಪ್ರಮಾಣವನ್ನು ಅದರ ಮಿತಿಯೊಡನೆ ಗ್ರಹಿಸಬೇಕು. ಒಂದನೆಯದಾಗಿ, ಆ ಅಧ್ಯಾಯವು ವಾರ್ಧಕವನ್ನು ಕುರಿತುದಲ್ಲ. ಶೋಧನಕ್ಕೆ ಯೋಗ್ಯನಾದ ಯಾವ ರೋಗಿಗಾದರೂ ಸಲ್ಲುವುದು. ಎರಡನೆಯದಾಗಿ, ಇಷ್ಟೆಲ್ಲ ಸಂಭಾರವು ಅರಸನಿಗೂ ಅರಸನಿಗೆ ಸಮಾನರಾದವರಿಗೂ ವಿಪುಲದ್ರವ್ಯವುಳ್ಳವರಿಗೂ ಎಂದು ಅಲ್ಲಿಯೇ ಹೇಳಿದೆ. ಎಲ್ಲರಿಗೂ ಎಲ್ಲ ಸಾಧನಗಳೂ ಇರುವುದಿಲ್ಲ, ದರಿದ್ರರಿಗೆ ದಾರುಣವಾದ ರೋಗಗಳು ಬಾರದೆಯೂ ಇರುವುದಿಲ್ಲ; ಆದುದರಿಂದ ಬಡವನು ತನ್ನ ಶಕ್ತಿಗೆ ಒದಗಿದಷ್ಟರಿಂದ ಚಿಕಿತ್ಸೆ ಮಾಡಿಸಿಕೊಳ್ಳಲೆಂಬುದು ಗ್ರಂಥಕಾರನ ಮಾತಿನ ಸಾರ. ಆ ಕಾಲಕ್ಕೆ ಅದು ಪ್ರಾಮಾಣಿಕವಾದ ಮಾತು. ಈಗಿನ ಪ್ರಶ್ನೆಯು ಅಲ್ಲಿಂದ ಮುಂದಿನದು: ಅರಸನಿಗೆ ಪಾರಿಷದ್ಯರಿದ್ದರು, ಬಡ ಮುದುಕಿಗೆ ಯಾರು?

ಈ ಪ್ರಶ್ನೆಗೆ ಕನ್ನಡನಾಡಿನಲ್ಲಿಯೇ ಹಳೆಯದೊಂದು ಉತ್ತರದ ಕುರುಹು ಇದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಹೊಗಳುವುದರೊಡನೆ, ದೀನರಿಗೂ ಅನಾಥರಿಗೂ ಹೆಳವರಿಗೂ ಕುರುಡರಿಗೂ ಕಿವುಡರಿಗೂ ಅನ್ನವಿಕ್ಕುವ ಸ್ಥಾನವೆಂದೂ, ಅನಾಥರಾದ ರೋಗಿಗಳಿಗೆ ಔಷಧವನ್ನೀಯುವ ಸ್ಥಾನವೆಂದೂ, ಸಕಲ ಜೀವಿಗಳಿಗೆ ಅಭಯವನ್ನು ಕೊಡುವ ಸ್ಥಾನವೆಂದೂ ಹೇಳುತ್ತದೆ. ಅನ್ನವನ್ನು ಪಡೆಯುವವರ ಪಟ್ಟಿಯಲ್ಲಿ ಕಥೆಗಾರರೂ ಗಾಯಕರೂ ವಾದಕರೂ ಸೇರಿದ್ದಾರೆ. ಆ ಕಥೆಗಾರರು ರೋಗಿಗಳ ಬಳಿ ಕುಳಿತು ಕಥೆ ಹೇಳುತ್ತಿದ್ದರೆಂದು ಶಾಸನವು ಹೇಳುವುದಿಲ್ಲ. ಹಾಗೆಂದು ಊಹಿಸುವುದು ಸಾಹಸವಾದೀತು. ಆದರೆ ಅನ್ನ, ಔಷಧ, ಅಭಯ, ವಿದ್ಯೆ—ಇವು ನಾಲ್ಕೂ ಒಂದೇ ಆವರಣದಲ್ಲಿ ಅನಾಥರಿಗೂ ದೊರೆಯತಕ್ಕುವೆಂಬ ಕಲ್ಪನೆಯು ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಇತ್ತೆಂಬುದಕ್ಕೆ ಇಷ್ಟು ಸಾಕು.

೪. ಆಕ್ಷೇಪಗಳು ಮತ್ತು ಸಮಾಧಾನ

ಇಲ್ಲಿ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು: ಹಿರಿಯರ ಪೋಷಣೆಯು ಮಕ್ಕಳ ಧರ್ಮ, ವೈದ್ಯನು ಅದರಲ್ಲಿ ಕೈಹಾಕುವುದು ಕುಟುಂಬಕ್ಕೆ ಅವಮಾನವೆಂಬುದು. ಮಕ್ಕಳ ಧರ್ಮವೆಂಬುದರಲ್ಲಿ ವಿವಾದವಿಲ್ಲ. ಭಾರತದ ಸಂಸತ್ತು ೨೦೦೭ರಲ್ಲಿ ಮಾತಾಪಿತೃಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ ಶಾಸನವನ್ನು ಮಾಡಿ ಆ ಧರ್ಮವನ್ನು ವಿಧಿಯನ್ನಾಗಿಯೂ ಮಾಡಿದೆ. ಆದರೆ ಧರ್ಮವಿದೆಯೆಂಬುದರಿಂದ ಆಚರಣೆಯಿದೆಯೆಂದು ಸಿದ್ಧವಾಗುವುದಿಲ್ಲ. ಮಕ್ಕಳು ದೂರದ ಊರಿಗೆ ಹೋಗಿರಬಹುದು, ಮಕ್ಕಳಿಲ್ಲದಿರಬಹುದು, ಮಕ್ಕಳೇ ಅರುವತ್ತು ದಾಟಿದ ರೋಗಿಗಳಾಗಿರಬಹುದು. ಕೆಲವು ಕಡೆ ನೋವು ಮನೆಯೊಳಗಿನಿಂದಲೇ ಬರುತ್ತಿರಬಹುದು. ಮೈಮೇಲಿನ ಗಾಯಕ್ಕೆ ಹೇಳುವ ಕಾರಣವು ಗಾಯದ ರೂಪಕ್ಕೆ ಹೊಂದದಿದ್ದರೆ, ಜೊತೆಯಲ್ಲಿ ಬಂದವರೇ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳುತ್ತಿದ್ದರೆ, ವೈದ್ಯನು ಹಿರಿಯರೊಡನೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುವುದು ಕುಟುಂಬಕ್ಕೆ ಅವಮಾನವಲ್ಲ, ರೋಗಪರೀಕ್ಷೆಯ ಭಾಗ.

ಎರಡನೆಯದು: ವೈದ್ಯನಿಗೆ ಕಾಲವಿಲ್ಲವೆಂಬುದು. ಹೊರರೋಗಿಗಳ ಸಾಲನ್ನು ನೋಡಿದವರು ಇದನ್ನು ಸುಳ್ಳೆನ್ನಲಾರರು. ಆದರೆ ಕೇಳದೆ ಉಳಿಸಿದ ಕಾಲವು ಆಮೇಲೆ ವ್ಯಯವಾಗುತ್ತದೆ. ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳುವಂತೆ ಹೇಳಿದರೆ, ಬಚ್ಚಲು ಹಿತ್ತಲಿನಾಚೆ ಇರುವ ಮುದುಕನು ಕತ್ತಲಲ್ಲಿ ಬೀಳುವ ಭಯದಿಂದ ಅದನ್ನು ಬಿಡುವನು, ಇಲ್ಲವೆ ತೆಗೆದುಕೊಂಡು ಬೀಳುವನು. ಉಪ್ಪು ಕಡಮೆ ಮಾಡಿ ಎಂದರೆ, ನೆರೆಮನೆಯವರು ಕೊಟ್ಟ ಸಾರನ್ನು ಉಣ್ಣುವ ವಿಧವೆಗೆ ಅದು ಪಾಲಿಸಲಾಗದ ಆಜ್ಞೆ. ಬೆಳಗ್ಗೆ ಎಂಟಕ್ಕೆ ಬನ್ನಿ ಎಂದರೆ, ಒಂಬತ್ತಕ್ಕೆ ಮೊದಲ ಬಸ್ಸು ಬರುವ ಊರಿನವರು ಬರಲಾರರು. ಎರಡು ಮಾತು ಕೇಳಿದ್ದರೆ ಮಾತ್ರೆಯ ಹೊತ್ತನ್ನು ಬೆಳಗ್ಗೆಗೆ ಬದಲಾಯಿಸಬಹುದಾಗಿತ್ತು. ಇದಲ್ಲದೆ, ಕೇಳುವವನು ವೈದ್ಯನೇ ಆಗಬೇಕೆಂಬ ನಿಯಮವಿಲ್ಲ; ದಾದಿಯೂ ಔಷಧವನ್ನು ಹಂಚುವವರೂ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯೂ ಕೇಳಬಹುದು.

ಮೂರನೆಯದು ಎಲ್ಲಕ್ಕಿಂತ ಬಲವಾದುದು: ಪರಿಹಾರವು ಕೈಯಲ್ಲಿಲ್ಲದೆ ಕಷ್ಟವನ್ನು ಕೇಳುವುದು ಕ್ರೌರ್ಯವೆಂಬುದು. ಇದಕ್ಕೆ ಅಮೆರಿಕಾ ಸಂಯುಕ್ತಸಂಸ್ಥಾನದ ಅನುಭವವು ಸಾಕ್ಷಿಯಾಗಿದೆ. ಅಲ್ಲಿ ೨೦೧೭ರಲ್ಲಿ ಪ್ರಾರಂಭವಾದ ಸರಕಾರಿ ಪ್ರಯೋಗವೊಂದರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ರೋಗಿಗಳನ್ನು ಐದು ವಿಷಯಗಳಲ್ಲಿ ಪ್ರಶ್ನಿಸಿದರು: ವಸತಿ, ಅನ್ನ, ಸಂಚಾರ, ನೀರು-ವಿದ್ಯುತ್ತು ಮೊದಲಾದ ಮನೆಯ ಸೌಕರ್ಯ, ಮನೆಯೊಳಗಿನ ಸುರಕ್ಷಿತತೆ. ಕೊರತೆಯುಳ್ಳವರಲ್ಲಿ ಕೆಲವರಿಗೆ ದಾರಿತೋರುವವರನ್ನೂ ನೇಮಿಸಿದರು. ಹಾಗಿದ್ದರೂ ಸಹಾಯವನ್ನು ಒಪ್ಪಿದವರಲ್ಲಿ ಕೊರತೆ ನೀಗಿದವರು ಅರ್ಧಕ್ಕಿಂತ ಕಡಮೆ. ದಾರಿಯ ಕೊನೆಯಲ್ಲಿ ಮನೆಯೂ ವಾಹನವೂ ಸಾಲದಿದ್ದರೆ ದಾರಿತೋರುವವನು ಏನು ಮಾಡಬಲ್ಲನು? ಇದರಿಂದ ಕೇಳಲೇಬಾರದೆಂಬುದು ಸಿದ್ಧವಾಗುವುದಿಲ್ಲ; ಕೇಳಿ ಬಿಡಬಾರದೆಂಬುದು ಸಿದ್ಧವಾಗುತ್ತದೆ. ಕೇಳುವುದಕ್ಕೆ ಮುಂಚೆ, ಆ ಊರಿನಲ್ಲಿ ಯಾರು ಏನನ್ನು ಕೊಡಬಲ್ಲರೆಂಬ ಪಟ್ಟಿಯು ಆರೋಗ್ಯಕೇಂದ್ರದಲ್ಲಿ ಸಿದ್ಧವಾಗಿರಬೇಕು.

೫. ಕರ್ತವ್ಯದ ನಾಲ್ಕು ಹಂತಗಳು

ಮೇಲಿನ ವಿಚಾರದಿಂದ ವೈದ್ಯನ ಮತ್ತು ಅವನ ಸಹಾಯಕರ ಕರ್ತವ್ಯವು ನಾಲ್ಕು ಹಂತಗಳಾಗಿ ಒದಗುತ್ತದೆ: ಪ್ರಶ್ನೆ, ಅನುಸರಣೆ, ಒಪ್ಪಿಸುವಿಕೆ, ಮರುನೋಟ.

ಪ್ರಶ್ನೆಯ ವಿಚಾರದಲ್ಲಿ ಭಾಷೆಯ ಜ್ಞಾನವೇ ಮುಖ್ಯವಾದುದು. ಪಾಶ್ಚಾತ್ಯದೇಶಗಳಲ್ಲಿ ಒಂಟಿತನವನ್ನು ಅಳೆಯಲು ಮೂರೇ ಪ್ರಶ್ನೆಗಳ ಒಂದು ಮಾಪಕವು ೨೦೦೪ರಿಂದ ಬಳಕೆಯಲ್ಲಿದೆ: ಸಂಗಾತಿಯಿಲ್ಲವೆಂದು ಎಷ್ಟು ಸಲ ಅನಿಸುತ್ತದೆ, ತನ್ನನ್ನು ಬಿಟ್ಟುಬಿಟ್ಟರೆಂದು ಎಷ್ಟು ಸಲ, ಇತರರಿಂದ ಬೇರೆಯಾದೆನೆಂದು ಎಷ್ಟು ಸಲ. ಒಂದೊಂದಕ್ಕೆ ಒಂದರಿಂದ ಮೂರರವರೆಗೆ ಅಂಕ. ಒಟ್ಟು ಮೂರರಿಂದ ಒಂಬತ್ತು. ಇದನ್ನು ಪದಕ್ಕೆ ಪದವಿಟ್ಟು ಕನ್ನಡಿಸಿ ಕೇಳಿದರೆ ಉತ್ತರವು ಸತ್ಯವಾಗಿರುವುದು ದುರ್ಲಭ. ‘ನಿಮಗೆ ಒಂಟಿತನವೇ?’ ಎಂದು ಕೇಳಿದರೆ ಮಕ್ಕಳ ಮಾನವನ್ನು ಕಾಯಬೇಕೆಂದು ಮುದುಕಿಯು ‘ನನಗೇನು ಕಡಮೆ?’ ಎನ್ನುವಳು. ಅದರ ಬದಲು ‘ನಿನ್ನೆ ರಾತ್ರಿ ಯಾರ ಜೊತೆ ಊಟವಾಯಿತು?’, ‘ಹೋದ ವಾರ ಮನೆಗೆ ಯಾರು ಬಂದಿದ್ದರು?’, ‘ನಡುರಾತ್ರಿ ಮೈ ಸರಿಯಿಲ್ಲದಿದ್ದರೆ ಯಾರನ್ನು ಕೂಗುತ್ತೀರಿ?’ ಎಂದು ಕೇಳಿದರೆ ಉತ್ತರವು ತಾನಾಗಿ ಬರುವುದು. ಸಂಬೋಧನೆಯೂ ಚಿಕಿತ್ಸೆಯೇ. ಹಳೆಯ ಮೈಸೂರಿನ ಕಡೆ ‘ಯಜಮಾನರೇ’, ‘ಅಮ್ಮಾ’, ಧಾರವಾಡದ ಕಡೆ ‘ಯಜ್ಜಾ’, ‘ಯವ್ವಾ’ ಎಂಬ ಮಾತಿನಿಂದ ತೆರೆಯುವ ಬಾಗಿಲು, ಸಂಖ್ಯೆಯನ್ನು ಕೂಗಿ ಕರೆದರೆ ತೆರೆಯುವುದಿಲ್ಲ. ಮನೆಮಾತು ತುಳುವೋ ಉರ್ದುವೋ ಕೊಂಕಣಿಯೋ ಆದವರಿಗೆ ಆ ಮಾತನ್ನು ಬಲ್ಲವರು ಕೇಳಬೇಕು. ಇದೆಲ್ಲಕ್ಕೂ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಜನಸಂಗವನ್ನು ಬಿಟ್ಟು ಮೂಲೆ ಹಿಡಿದರೆಂದು ಮನೆಯವರು ಹೇಳುವ ಹಿರಿಯರಲ್ಲಿ ಕೆಲವರು ಬಿಟ್ಟಿರುವುದು ಸಂಗವನ್ನಲ್ಲ, ಕೇಳಿಸದ ಮಾತನ್ನು. ಕಿವಿಯೊಳಗಿನ ಗುಗ್ಗೆಯನ್ನು ತೆಗೆಯುವುದರಿಂದ ಅಥವಾ ಶ್ರವಣಯಂತ್ರದಿಂದ ಹೋಗುವ ಒಂಟಿತನವೂ ಉಂಟು.

ಅನುಸರಣೆಯೆಂದರೆ ತಿಳಿದುಬಂದ ಸಂಗತಿಗೆ ಹೊಂದುವಂತೆ ಚಿಕಿತ್ಸೆಯನ್ನೇ ಮಾರ್ಪಡಿಸುವುದು. ಮಾತ್ರೆಯ ಹೊತ್ತು, ಪಥ್ಯದ ವಿಧಿ, ಮರಳಿ ಬರುವ ದಿನ, ಚೀಟಿಯ ಅಕ್ಷರದ ಗಾತ್ರ—ಇವು ವೈದ್ಯನ ಕೈಯಲ್ಲಿಯೇ ಇರುವಂಥವು. ಇದಕ್ಕೆ ಹೊರಗಿನ ಯಾವ ಸಹಾಯವೂ ಬೇಡ. ದೇಶ, ಕಾಲ, ಸಾತ್ಮ್ಯ, ಸತ್ತ್ವ, ವಯಸ್ಸುಗಳನ್ನು ಪರೀಕ್ಷಿಸಿ ಔಷಧವನ್ನು ಕಲ್ಪಿಸಬೇಕೆಂಬ ವಿಮಾನಸ್ಥಾನದ ನಿಯಮವು ಇದಕ್ಕಿಂತ ಭಿನ್ನವಾದುದಲ್ಲ.

ಒಪ್ಪಿಸುವಿಕೆಯೆಂದರೆ ವೈದ್ಯನು ತಾನು ಮಾಡಲಾಗದುದನ್ನು ಮಾಡಬಲ್ಲವರ ಕೈಗೆ ರೋಗಿಯನ್ನು ಸೇರಿಸುವುದು. ‘ತಾಲ್ಲೂಕು ಕಚೇರಿಗೆ ಹೋಗಿ’ ಎನ್ನುವುದು ಒಪ್ಪಿಸುವಿಕೆಯಲ್ಲ, ಕಳುಹಿಸಿಬಿಡುವಿಕೆ. ಯಾರ ಬಳಿಗೆ, ಯಾವ ದಿನ, ಯಾವ ಕಾಗದವನ್ನು ಹಿಡಿದು, ಯಾರ ಜೊತೆಯಲ್ಲಿ ಎಂಬ ನಾಲ್ಕೂ ನಿಶ್ಚಿತವಾದರೆ ಅದು ಒಪ್ಪಿಸುವಿಕೆಯಾಗುವುದು.

ಮರುನೋಟವೆಂದರೆ ಮುಂದಿನ ಸಲ ರೋಗಿಯು ಬಂದಾಗ ರಕ್ತದ ಒತ್ತಡವನ್ನು ನೋಡುವಂತೆಯೇ ‘ಪಿಂಚಣಿಯ ಕಾಗದ ಏನಾಯಿತು? ಓದಿ ಹೇಳುವ ಹುಡುಗ ಬರುತ್ತಿದ್ದಾನೆಯೆ?’ ಎಂದು ಕೇಳುವುದು. ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವುದು. ಈ ನಾಲ್ಕನೆಯ ಹಂತವು ಬಿಟ್ಟುಹೋದರೆ ಮೊದಲಿನ ಮೂರೂ ಕಾಗದದ ಮೇಲಿನ ಪುಣ್ಯವಾಗಿ ಉಳಿಯುತ್ತವೆ.

೬. ಇರುವ ಸಾಧನಗಳು, ಇಲ್ಲದ ಕೊಂಡಿ

ಭಾರತದಲ್ಲಿ ಒಪ್ಪಿಸತಕ್ಕ ಸ್ಥಾನಗಳು ಇಲ್ಲವೇ ಇಲ್ಲವೆನ್ನುವಂತಿಲ್ಲ. ೨೦೧೦-೧೧ರಲ್ಲಿ ಪ್ರಾರಂಭವಾದ ವೃದ್ಧರ ಆರೋಗ್ಯರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ಪ್ರತ್ಯೇಕ ವಿಭಾಗವನ್ನೂ, ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾದಿನವನ್ನೂ, ಹಾಸಿಗೆ ಹಿಡಿದವರಿಗೆ ಮನೆಭೇಟಿಯನ್ನೂ ವಿಧಿಸಿದೆ. ಕೇಂದ್ರಸರಕಾರದ ವೃದ್ಧಾಪ್ಯವೇತನಕ್ಕೆ ಬೇಕಾದ ವಯಸ್ಸನ್ನು ೨೦೧೧ರಲ್ಲಿ ೬೫ರಿಂದ ೬೦ಕ್ಕೆ ಇಳಿಸಲಾಯಿತು. ಕರ್ಣಾಟಕದಲ್ಲಿ ೨೦೦೭ರಿಂದ ಸಂಧ್ಯಾಸುರಕ್ಷಾ ಯೋಜನೆ ಇದೆ. ಮೇಲೆ ಹೇಳಿದ ೨೦೦೭ರ ಶಾಸನದ ೨೦ನೆಯ ಪ್ರಕರಣವು ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸಾಧ್ಯವಾದಷ್ಟು ಹಾಸಿಗೆಗಳನ್ನೂ ಪ್ರತ್ಯೇಕ ಸಾಲನ್ನೂ ಹೇಳುತ್ತದೆ. ಪೋಷಿಸುವರೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆದುಕೊಟ್ಟು ಆಮೇಲೆ ಕೈಬಿಡಲ್ಪಟ್ಟವರು ಆ ಪತ್ರವನ್ನು ಅಸಿಂಧುಗೊಳಿಸುವಂತೆ ನ್ಯಾಯಮಂಡಲಿಯನ್ನು ಬೇಡಬಹುದೆಂದು ೨೩ನೆಯ ಪ್ರಕರಣವು ಹೇಳುತ್ತದೆ. ೨೦೨೧ರಲ್ಲಿ ದೇಶದಲ್ಲೆಲ್ಲ ಪ್ರಾರಂಭವಾದ ಹಿರಿಯರ ಸಹಾಯವಾಣಿಗೆ ೧೪೫೬೭ ಎಂಬ ದೂರವಾಣಿಸಂಖ್ಯೆ ಇದೆ.

ಇಷ್ಟಿದ್ದರೂ ಅಗತ್ಯವುಳ್ಳವರಿಗೆ ಇವು ತಲಪದೆ ಹೋಗುವುದುಂಟು. ಯೋಜನೆಯಿದೆಯೆಂದು ತಿಳಿಯದವರು, ವಯಸ್ಸಿನ ದಾಖಲೆಯಿಲ್ಲದವರು, ಕಚೇರಿಗೆ ಹೋಗಲಾರದವರು ಇದ್ದಾರೆ. ಇವರೆಲ್ಲರೂ ಎಂದಾದರೊಮ್ಮೆ ತಾವಾಗಿ ಬಂದು ಬಾಗಿಲು ತಟ್ಟುವ ಸ್ಥಾನವೊಂದುಂಟು, ಅದು ಆರೋಗ್ಯಕೇಂದ್ರ. ಸಾಮಾಜಿಕ ಅಗತ್ಯದ ವಿಚಾರವು ವೈದ್ಯನಿಗೆ ಸೇರಿದುದೆಂಬುದಕ್ಕೆ ಲೌಕಿಕವಾದ ಹೇತುವೂ ಇದೇ. ಅವನು ಎಲ್ಲವನ್ನೂ ಮಾಡಬಲ್ಲನೆಂದಲ್ಲ. ಎಲ್ಲರೂ ಅವನ ಎದುರಿಗೆ ಬರುತ್ತಾರೆಂದು.

ಬಂದವರನ್ನು ಮುಂದಕ್ಕೆ ಕೈಹಿಡಿದು ನಡೆಸುವ ಕೊಂಡಿಯನ್ನು ಕೆಲವು ದೇಶಗಳು ಬೇರೆ ಉದ್ಯೋಗವನ್ನಾಗಿಯೇ ಮಾಡಿವೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯಸೇವೆಯು ೨೦೧೯ರ ಜನವರಿಯಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ‘ಕೊಂಡಿಕಾರ’ರನ್ನು ನೇಮಿಸುವ ಸಂಕಲ್ಪವಿತ್ತು. ವೈದ್ಯನು ಔಷಧವನ್ನು ಬರೆದುಕೊಡುವಂತೆಯೇ ತೋಟಗಾರಿಕೆಯ ಗುಂಪನ್ನೋ ಹಾಡುವ ಕೂಟವನ್ನೋ ಸಾಲಪರಿಹಾರದ ಸಲಹೆಯನ್ನೋ ಬರೆದುಕೊಡುವನು. ಕೊಂಡಿಕಾರನು ರೋಗಿಯನ್ನು ಅಲ್ಲಿಗೆ ಸೇರಿಸುವನು. ಅದರ ಫಲವನ್ನು ಕುರಿತ ಪರಿಶೋಧನೆಗಳು ಏಕಕಂಠವಾಗಿಲ್ಲ. ರೋಗಿಗಳು ತೃಪ್ತರೆಂಬುದು ಸ್ಪಷ್ಟವಾದರೂ ಖರ್ಚು ಎಷ್ಟು ಉಳಿಯಿತೆಂಬುದು ಸ್ಪಷ್ಟವಲ್ಲ. ನೆರೆಯ ಕೇರಳದಲ್ಲಿ ಬೇರೆ ದಾರಿ ನಡೆಯಿತು. ಕಲ್ಲಿಕೋಟೆಯಲ್ಲಿ ೧೯೯೩ರಲ್ಲಿ ವೇದನಾಶಮನಕ್ಕಾಗಿ ಪ್ರಾರಂಭವಾದ ಸಂಘವು ಬೆಳೆದು, ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿಯಾಯಿತು. ಗಾಯವನ್ನು ತೊಳೆಯುವ ದಾದಿಯ ಜೊತೆಗೆ, ಅಕ್ಕಿ ತಂದುಕೊಡುವವರೂ ಸುಮ್ಮನೆ ಕುಳಿತು ಮಾತನಾಡುವವರೂ ಸೇರಿದರು. ೨೦೦೮ರಲ್ಲಿ ಆ ರಾಜ್ಯಸರಕಾರವು ಇದನ್ನು ನೀತಿಯಾಗಿ ಸ್ವೀಕರಿಸಿ ಗ್ರಾಮಸಂಸ್ಥೆಗಳಿಗೆ ಹೊಣೆಯನ್ನು ಕೊಟ್ಟಿತು.

ಕರ್ಣಾಟಕದಲ್ಲಿ ಈ ಕೊಂಡಿಯ ಕೆಲಸವು ಆಶಾ ಕಾರ್ಯಕರ್ತೆಯ ಮೇಲೆ ಬೀಳುವುದು ಸಹಜವೆಂದು ತೋರಬಹುದು. ಆದರೆ ತಾಯಿಮಕ್ಕಳ ಕೆಲಸದಿಂದಲೇ ಅವಳ ದಿನ ತುಂಬಿದೆ. ಪ್ರತಿಫಲವಿಲ್ಲದೆ ಇನ್ನೊಂದು ಹೊರೆಯನ್ನು ಹೊರಿಸಿದರೆ ಅದು ಒಬ್ಬ ದುರ್ಬಲರ ಕಷ್ಟವನ್ನು ಇನ್ನೊಬ್ಬ ದುರ್ಬಲರಿಗೆ ವರ್ಗಾಯಿಸಿದಂತೆ. ಕೊಂಡಿಗೆ ವೇತನವೂ ಬೇಕು, ಅದರ ಸುತ್ತ ಊರಿನ ಜನವೂ ಬೇಕು.

೭. ಸಾಹಿತ್ಯೋಪಾಧ್ಯಾಯರ ಪಾಲು

ಇಲ್ಲಿಗೆ ವಿಚಾರವು ವೈದ್ಯರಿಂದ ವಿದ್ವಾಂಸರ ಕಡೆಗೆ ತಿರುಗುತ್ತದೆ. ಚರಕಸಂಹಿತೆಯ ಪಾರಿಷದ್ಯರ ಲಕ್ಷಣವನ್ನು ಮತ್ತೆ ನೋಡಿದರೆ, ಅವರಿಗೆ ಬೇಕಾದ ಕೌಶಲವು ವೈದ್ಯಕೌಶಲವಲ್ಲ. ಗಾಥೆ, ಆಖ್ಯಾಯಿಕೆ, ಇತಿಹಾಸ, ಪುರಾಣಗಳ ಕೌಶಲ. ಎಂದರೆ ಸಾಹಿತ್ಯವನ್ನು ಓದಿಸುವವರ ವಿದ್ಯೆ. ಕುಮಾರವ್ಯಾಸಭಾರತವನ್ನೂ ಜೈಮಿನಿಭಾರತವನ್ನೂ ರಾಗವಾಗಿ ಓದಿ ಅರ್ಥ ಹೇಳುವ ಗಮಕಕಲೆಯು ಶಿವಮೊಗ್ಗೆಯ ಬಳಿಯ ಹೊಸಹಳ್ಳಿ ಮೊದಲಾದ ಸ್ಥಳಗಳಲ್ಲಿ ಇನ್ನೂ ಜೀವಂತವಾಗಿದೆ. ಆರೋಗ್ಯಕೇಂದ್ರದ ವೈದ್ಯನು ಒಪ್ಪಿಸತಕ್ಕ ಸ್ಥಾನಗಳ ಪಟ್ಟಿಯಲ್ಲಿ ಊರಿನ ಶಾಲೆ, ಗ್ರಂಥಾಲಯ, ಭಜನಾಮಂದಿರ, ಗಮಕಸಂಘಗಳೂ ಸೇರಬಹುದು; ಸೇರಬೇಕಾದರೆ ಅವು ಮೊದಲು ಒಪ್ಪಬೇಕು.

ಒಪ್ಪಿದವರಿಗೆ ಗ್ರಂಥದಲ್ಲಿಯೇ ಮೂರು ಎಚ್ಚರಿಕೆಗಳಿವೆ: ಅಭಿಪ್ರಾಯವನ್ನು ಅರಿಯುವುದು, ಒಪ್ಪಿಗೆಯನ್ನು ಪಡೆಯುವುದು, ದೇಶಕಾಲಗಳನ್ನು ತಿಳಿಯುವುದು. ಪ್ರತಿಯೊಬ್ಬ ಹಿರಿಯನಿಗೂ ಪುರಾಣವೇ ಪ್ರಿಯವೆಂದು ತಿಳಿಯಬಾರದು. ಒಬ್ಬರಿಗೆ ವೃತ್ತಪತ್ರಿಕೆ ಬೇಕು, ಒಬ್ಬರಿಗೆ ಮಗನಿಗೆ ಎರಡು ಸಾಲು ಬರೆದುಕೊಡುವವರು ಬೇಕು, ಇನ್ನೊಬ್ಬರಿಗೆ ಪಗಡೆಯಾಡಲು ಜೊತೆ ಬೇಕು. ಹಲವರಿಗೆ ಬೇಕಾದುದು ಕೇಳುವುದಲ್ಲ, ಹೇಳುವುದು.

ಈ ಕೊನೆಯ ಮಾತು ಜನಪದಗೀತೆಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳುಹಿಸುವ ಅಧ್ಯಾಪಕರಿಗೆ ವಿಶೇಷವಾಗಿ ಅನ್ವಯಿಸುವುದು. ಬೀಸುವ ಪದವನ್ನೋ ಸೋಬಾನೆಯನ್ನೋ ಬಲ್ಲ ಮುದುಕಿಯ ಬಳಿಗೆ ವಿದ್ಯಾರ್ಥಿಯು ಒಂದು ದಿನ ಹೋಗಿ, ಹಾಡನ್ನು ಬರೆದುಕೊಂಡು ಹಿಂತಿರುಗಿದರೆ ಗ್ರಂಥಕ್ಕೆ ಲಾಭ. ವಾರಕ್ಕೊಂದು ಸಲದಂತೆ ವರ್ಷವಿಡೀ ಹೋದರೆ ಹಾಡು ಇನ್ನೂ ಹೆಚ್ಚು ದೊರೆಯುವುದು. ಮುದುಕಿಗೆ ವಾರದ ಒಂದು ದಿನವು ಕಾಯತಕ್ಕ ದಿನವಾಗುವುದು. ಅವಳು ಉಣ್ಣದಿದ್ದರೆ, ಬಿದ್ದಿದ್ದರೆ, ಮಾತ್ರೆ ಮುಗಿದಿದ್ದರೆ ನೋಡಿ ಆರೋಗ್ಯಕೇಂದ್ರಕ್ಕೆ ತಿಳಿಸುವ ಕಣ್ಣೊಂದು ಇದ್ದಂತಾಗುವುದು.

ಹೀಗೆ, ವೃದ್ಧರ ಸಾಮಾಜಿಕ ಅಗತ್ಯವನ್ನು ವೈದ್ಯನು ಕೇಳಿ ತಿಳಿಯಬೇಕು, ಚಿಕಿತ್ಸೆಯನ್ನು ಅದಕ್ಕೆ ಹೊಂದಿಸಬೇಕು, ತನ್ನಿಂದಾಗದುದನ್ನು ಗೊತ್ತಾದ ಮನುಷ್ಯನ ಕೈಗೆ ಒಪ್ಪಿಸಬೇಕು, ಒಪ್ಪಿಸಿದುದನ್ನು ಮತ್ತೆ ನೋಡಬೇಕು. ರೋಗಿಯ ದಾಖಲೆಯಲ್ಲಿ ಔಷಧದ ಹೆಸರಿನ ಕೆಳಗೆ, ಅವನ ಮನೆಗೆ ಹೋಗತಕ್ಕವರ ಹೆಸರೂ ಅವರು ಹೋಗತಕ್ಕ ದಿನವೂ ಬರೆದಿರುವಷ್ಟು ಮಾತ್ರವೇ ಸದ್ಯಕ್ಕೆ ಸಾಧಿಸಿದರೂ, ಅರಸನ ಚಿಕಿತ್ಸಾಗೃಹಕ್ಕೆಂದು ಹೇಳಿದ ಒಂದು ಅಂಗವು ಬಡವನ ಮನೆಯನ್ನು ಮುಟ್ಟಿದಂತಾಗುವುದು.